ಮೂರೆಳೆಯ ಹಗ್ಗದಲ್ಲಿ ಒಂದೇ ಎಳೆಯನ್ನು ಹುಡುಕುವವರು

ಸಾಂಖ್ಯದರ್ಶನವನ್ನು ಪದ್ಯಗಳಲ್ಲಿ ಹೇಳುವ ಈಶ್ವರಕೃಷ್ಣರ ಸಾಂಖ್ಯಕಾರಿಕೆಯನ್ನೂ ಭಗವದ್ಗೀತೆಯನ್ನೂ ಪಾಠ ಹೇಳುವುದು ಬಹಳ ವರ್ಷಗಳಿಂದ ನನ್ನ ಕೆಲಸ. ಪುರುಷ (ಚೇತನ) ಮತ್ತು ಪ್ರಕೃತಿ (ಜಗತ್ತಿನ ಜಡಮೂಲ) ಇವುಗಳ ಭೇದ, 25 ತತ್ತ್ವಗಳ ಲೆಕ್ಕ, ಇವೆಲ್ಲ ಹೊಸಬರಿಗೆ ಕಷ್ಟವೆಂದು ಹೇಳುತ್ತಾರೆ. ನಾನು ಕಂಡಂತೆ ಅಲ್ಲಿ ಯಾರೂ ಎಡವುವುದಿಲ್ಲ. ಎಡವುವುದು, ತಮಗೆ ಮೊದಲೇ ಗೊತ್ತಿದೆಯೆಂದು ಎಲ್ಲರೂ ಭಾವಿಸಿರುವ ಸತ್ತ್ವ, ರಜಸ್ಸು, ತಮಸ್ಸು ಎಂಬ ಮೂರು ಗುಣಗಳಲ್ಲಿ. ಗೀತೆಯ 14ನೆಯ ಅಧ್ಯಾಯ ಮುಗಿಯುವ ಹೊತ್ತಿಗೆ “ಮೇಷ್ಟ್ರೇ, ನಾನು ಸಾತ್ತ್ವಿಕನೋ ರಾಜಸನೋ?” ಎಂಬ ಪ್ರಶ್ನೆ ತಪ್ಪದೆ ಬರುತ್ತದೆ.

ಒಮ್ಮೆ ಹಿರಿಯ ವಿದ್ಯಾರ್ಥಿನಿಯೊಬ್ಬರು ಒಂದು ಹಾಳೆಯಲ್ಲಿ ಮೂರು ಸಾಲು ಎಳೆದು ಮನೆಮಂದಿಯ ಹೆಸರುಗಳನ್ನೆಲ್ಲ ಹಂಚಿ ತಂದಿದ್ದರು. ಮಗಳು ರಾಜಸ, ಅತ್ತೆ ಸಾತ್ತ್ವಿಕ, “ನಮ್ಮ ಮನೆಯವರು ಮಾತ್ರ ಶುದ್ಧ ತಾಮಸ, ಎಂಟು ಗಂಟೆಗೆ ಮುಂಚೆ ಏಳುವುದೇ ಇಲ್ಲ” ಎಂದರು. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ‘ಶುದ್ಧ ತಾಮಸ’ ಎಂಬ ಆ ಎರಡು ಪದಗಳು ಒಟ್ಟಿಗೆ ಬಂದ ಕೂಡಲೇ ಸಾಂಖ್ಯದ ಇಡೀ ಕಟ್ಟಡವೇ ಕುಸಿಯುತ್ತದೆಂದು ಅವರಿಗೆ ವಿವರಿಸಲು ನನಗೆ ಎರಡು ವಾರ ಹಿಡಿಯಿತು.

ತಪ್ಪಿನ ಮೂಲ ನಮ್ಮ ಮಾತಿನಲ್ಲಿಯೇ ಇದೆ. ಕನ್ನಡದಲ್ಲಿ ಗುಣವೆಂದರೆ ನಡತೆ, ಸ್ವಭಾವ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ನಮ್ಮ ಕಿವಿಯಲ್ಲಿ ಮೊದಲೇ ಕುಳಿತಿದೆ. ಇನ್ನೊಂದು ದರ್ಶನವಾದ ವೈಶೇಷಿಕದಲ್ಲಿಯೂ ಗುಣವು ದ್ರವ್ಯವನ್ನು, ಅಂದರೆ ವಸ್ತುವನ್ನು, ಆಶ್ರಯಿಸಿಕೊಂಡಿರುವ ಧರ್ಮ. ಅದರ ಭಾಷ್ಯಕಾರರಾದ ಪ್ರಶಸ್ತಪಾದರು ರೂಪ, ರಸ, ಗಂಧ ಮೊದಲಾಗಿ ಅಂತಹ 24 ಗುಣಗಳನ್ನು ಎಣಿಸುತ್ತಾರೆ. ಸಾಂಖ್ಯದ ಗುಣಗಳು ಆ ಜಾತಿಯವಲ್ಲ. ಅವು ಯಾವುದೋ ವಸ್ತುವಿನಲ್ಲಿ ಇರುವಂಥವಲ್ಲ, ವಸ್ತುವೇ ಅವುಗಳಿಂದ ಆಗಿದೆ. ಸತ್ತ್ವಾದಿಗಳು ದ್ರವ್ಯಗಳೇ ಹೊರತು ವೈಶೇಷಿಕರ ಗುಣಗಳಲ್ಲವೆಂದು ಸಾಂಖ್ಯಸೂತ್ರಗಳ ಭಾಷ್ಯಕಾರರಾದ ವಿಜ್ಞಾನಭಿಕ್ಷುಗಳು ಸ್ಪಷ್ಟವಾಗಿ ಬರೆದಿದ್ದಾರೆ. ಪುರುಷನನ್ನು ಪಶುವಿನಂತೆ ಕಟ್ಟುವ ಹಗ್ಗವನ್ನು ಅವು ಹೊಸೆಯುವುದರಿಂದ ಅವಕ್ಕೆ ಆ ಹೆಸರೆಂದೂ ಹೇಳುತ್ತಾರೆ. ಸಂಸ್ಕೃತದಲ್ಲಿ ಗುಣವೆಂದರೆ ಹಗ್ಗದ ಎಳೆಯೂ ಹೌದು. ಮೂರೆಳೆಯಿಂದ ಹೊಸೆದ ಹಗ್ಗವನ್ನು ಎಲ್ಲಿ ಹಿಡಿದರೂ ಕೈಗೆ ಮೂರೂ ಎಳೆಗಳು ಸಿಗುತ್ತವೆ.

ಇದನ್ನು ನಾನು ಪದೇ ಪದೇ ಹೇಳುತ್ತೇನೆ, ಇಲ್ಲಿಯೂ ಹೇಳುತ್ತೇನೆ. ಈಶ್ವರಕೃಷ್ಣರ 12ನೆಯ ಕಾರಿಕೆಯ (ಪದ್ಯದ) ಪ್ರಕಾರ ಗುಣಗಳು ಒಂದನ್ನೊಂದು ಅಡಗಿಸುತ್ತವೆ, ಒಂದನ್ನೊಂದು ಆಶ್ರಯಿಸುತ್ತವೆ, ಒಂದರ ಕಾರ್ಯಕ್ಕೆ ಇನ್ನೊಂದು ಹೇತುವಾಗುತ್ತವೆ, ಸದಾ ಜೊತೆಯಾಗಿಯೇ ಇರುತ್ತವೆ. ಅಡಗಿಸುವುದೆಂದರೆ ಹೊರಗೆ ಹಾಕುವುದಲ್ಲ. ಅಡಗಿದ್ದು ಅಲ್ಲಿಯೇ ಇದೆ, ಕೆಲಸವನ್ನೂ ಮಾಡುತ್ತಿದೆ. ಮುಂದಿನ ಕಾರಿಕೆಯಲ್ಲಿ ಸತ್ತ್ವ ಹಗುರ ಮತ್ತು ಪ್ರಕಾಶಕ, ರಜಸ್ಸು ಪ್ರೇರಕ ಮತ್ತು ಚಂಚಲ, ತಮಸ್ಸು ಭಾರ ಮತ್ತು ಆವರಕ (ಮುಚ್ಚುವಂಥದು) ಎಂದು ಹೇಳಿ, ಅವುಗಳ ವ್ಯಾಪಾರ ದೀಪದಂತೆ ಎಂದು ಮುಗಿಸುತ್ತಾರೆ. ಬತ್ತಿ ಮತ್ತು ಎಣ್ಣೆ ಬೆಂಕಿಗೆ ವಿರೋಧಿಗಳಾದರೂ ಬೆಂಕಿಯೊಡನೆ ಕೂಡಿದಾಗ ಬೆಳಕು ಕೊಡುತ್ತವೆಯೆಂದು ವಾಚಸ್ಪತಿ ಮಿಶ್ರರು ವ್ಯಾಖ್ಯಾನಿಸುತ್ತಾರೆ. ಸತ್ತ್ವವೂ ತಮಸ್ಸೂ ತಾವಾಗಿ ಚಲಿಸಲಾರವು, ರಜಸ್ಸು ಅವನ್ನು ಚಲಿಸುವಂತೆ ಮಾಡಬೇಕು. ರಜಸ್ಸನ್ನು ತಮಸ್ಸು ತಡೆಯದಿದ್ದರೆ ಅದು ಎಲ್ಲವನ್ನೂ ಎಲ್ಲೆಡೆಗೂ ಓಡಿಸುತ್ತಲೇ ಇರುತ್ತದೆ. ತಮಸ್ಸಿನ ಪ್ರಯೋಜನವನ್ನು ಕಾರಿಕೆ ‘ನಿಯಮ’, ಅಂದರೆ ತಡೆ, ಎಂದು ಕರೆದಿರುವುದು ಇದಕ್ಕಾಗಿ. ಯೋಗಸೂತ್ರ ಅದನ್ನೇ ‘ಸ್ಥಿತಿ’ ಎನ್ನುತ್ತದೆ. ಶಬ್ದ, ಸ್ಪರ್ಶ ಮೊದಲಾದ ತನ್ಮಾತ್ರೆಗಳು (ಸೂಕ್ಷ್ಮ ಅಂಶಗಳು) ಹುಟ್ಟುವುದು ತಮಸ್ಸು ಹೆಚ್ಚಿರುವ ಅಹಂಕಾರದಿಂದ (‘ನಾನು’ ಎಂಬ ತತ್ತ್ವದಿಂದ), ಅವುಗಳಿಂದ ಪಂಚಭೂತಗಳು. ಆದ್ದರಿಂದ ತಮಸ್ಸನ್ನು ಪೂರ್ತಿ ಕಳೆದುಕೊಳ್ಳಬೇಕೆನ್ನುವವರಿಗೆ ಈ ಲೆಕ್ಕದಲ್ಲಿ ದೇಹವೂ ಉಳಿಯುವುದಿಲ್ಲ, ನಿಲ್ಲಲು ನೆಲವೂ ಉಳಿಯುವುದಿಲ್ಲ.

ಹಾಗಾದರೆ ‘ಸಾತ್ತ್ವಿಕ’ ಎಂಬ ಮಾತಿಗೆ ಅರ್ಥವೇನು? 54ನೆಯ ಕಾರಿಕೆ ಊರ್ಧ್ವಲೋಕಗಳನ್ನು ವರ್ಣಿಸುವಾಗಲೂ ‘ಸತ್ತ್ವವಿಶಾಲ’ ಎನ್ನುತ್ತದೆ, ಅಂದರೆ ಅಲ್ಲಿ ಸತ್ತ್ವದ ಪಾಲು ಹೆಚ್ಚು ಎಂದಷ್ಟೇ. ಭೂಮಿಯಲ್ಲಾಗಲಿ ದೇವತೆಗಳಲ್ಲಾಗಲಿ ಈ ಮೂರರಿಂದ ಬಿಡುಗಡೆಯಾದ ಜೀವಿಯೊಂದೂ ಇಲ್ಲವೆಂದು ಗೀತೆಯ 18ನೆಯ ಅಧ್ಯಾಯ ಹೇಳುತ್ತದೆ. ಈ ಹೆಚ್ಚು ಕಡಿಮೆಯೂ ನಿಂತ ನೀರಲ್ಲ. ಗುಣಗಳ ನಡೆ ಚಂಚಲ, ಚಿತ್ತ ಕ್ಷಿಪ್ರಪರಿಣಾಮಿ (ಬೇಗ ಬದಲಾಗುವಂಥದು) ಎಂದು ಯೋಗಸೂತ್ರದ ವ್ಯಾಖ್ಯಾನವಾದ ಯೋಗಭಾಷ್ಯ ಹೇಳುತ್ತದೆ; ನಮ್ಮ ಗಾದೆಯ ಗುಣಕ್ಕೆ ಇದು ನೇರ ವಿರುದ್ಧ.

ಹಾಳೆ ತಂದಿದ್ದ ವಿದ್ಯಾರ್ಥಿನಿಯ ತಾಯಿ ಹಾಸಿಗೆ ಹಿಡಿದಾಗ ಏಳೆಂಟು ರಾತ್ರಿ ಅಲುಗಾಡದೆ ಪಕ್ಕದಲ್ಲಿ ಕುಳಿತಿದ್ದವರು ಆ ‘ತಾಮಸ’ ಗಂಡನೇ ಎಂಬುದು ಮಾತಿನ ನಡುವೆ ಹೊರಬಂತು. ಬೆಳಗ್ಗೆ ಏಳಲು ಬಿಡದ ಅದೇ ಭಾರ ಆ ರಾತ್ರಿಗಳಲ್ಲಿ ಸ್ಥಿರತೆಯಾಗಿತ್ತೆಂದು ಹೇಳಲು ನನಗೆ ಧೈರ್ಯವಿದೆ. ಆದರೆ ಇದು ನನ್ನ ಊಹೆ, ಕಾಣದ ವ್ಯಕ್ತಿಯೊಬ್ಬರ ಗುಣವನ್ನು ನಿರ್ಣಯಿಸುವ ಅಧಿಕಾರ ನನಗಿಲ್ಲ. ಆಕೆ ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡರು.

ಇನ್ನೊಬ್ಬ ಹುಡುಗನ ನೆನಪು ಈಗಲೂ ನೋಯಿಸುತ್ತದೆ. ತಮಸ್ಸನ್ನು ಗೆಲ್ಲುತ್ತೇನೆಂದು ಆತ ನಿದ್ದೆಯನ್ನು ಮೂರು ಗಂಟೆಗೆ ಇಳಿಸಿದ. ಒಂದು ತಿಂಗಳಲ್ಲಿ ಮಾತುಮಾತಿಗೆ ಸಿಡುಕುವಂತಾದ, ಓದಿದ್ದು ತಲೆಗೆ ಹತ್ತದಾಯಿತು. ನಿದ್ದೆಯ ಮೂಲಕ ತಮಸ್ಸು ಬಂಧಿಸುತ್ತದೆಂದು ಗೀತೆ ಹೇಳಿರುವುದು ನಿಜ. ಅತಿಯಾಗಿ ಮಲಗುವವನಿಗೂ ಅತಿಯಾಗಿ ಎಚ್ಚರವಿರುವವನಿಗೂ ಯೋಗವಿಲ್ಲವೆಂದು ಅದೇ ಗೀತೆಯ 6ನೆಯ ಅಧ್ಯಾಯ ಹೇಳಿದೆ. ಆಯುರ್ವೇದದ ಚರಕಸಂಹಿತೆಯಂತೂ ನಿದ್ದೆಯನ್ನು ಶರೀರದ ಮೂರು ಉಪಸ್ತಂಭಗಳಲ್ಲಿ (ಆಧಾರಗಳಲ್ಲಿ) ಒಂದೆಂದು ಎಣಿಸಿದೆ. ಇದನ್ನು ಮೊದಲ ದಿನವೇ ಅವನಿಗೆ ಹೇಳಬೇಕಾಗಿತ್ತು. ಎಲ್ಲರಿಗೂ ತಿಳಿದದ್ದೆಂದು ಬಿಟ್ಟುಬಿಟ್ಟೆ.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಮೂರೂ ಸಮಾನವೆಂದು ನಾನು ಹೇಳುತ್ತಿಲ್ಲ. ಆಹಾರ, ಯಜ್ಞ, ತಪಸ್ಸು, ದಾನಗಳಲ್ಲಿ ಸಾತ್ತ್ವಿಕವಾದುದನ್ನು ಗೀತೆ ಮೇಲಕ್ಕೆ ಇಡುತ್ತದೆ, ಸಾಧಕನು ಅದನ್ನೇ ಬೆಳೆಸಿಕೊಳ್ಳಬೇಕು. ದ್ವೈತ ಸಿದ್ಧಾಂತದಲ್ಲಿ ಜೀವರ ಸ್ವರೂಪದಲ್ಲಿಯೇ ತ್ರೈವಿಧ್ಯವನ್ನು, ಅಂದರೆ ಮೂರು ಬಗೆಗಳನ್ನು, ಹೇಳಿದೆ. ಆ ವಿಚಾರವನ್ನು ಆಯಾ ಸಂಪ್ರದಾಯದ ಗುರುಗಳಲ್ಲಿ ಕೇಳಿ ತಿಳಿಯುವುದು ಯುಕ್ತ, ಪ್ರಕೃತಿಯ ಗುಣಗಳ ಚರ್ಚೆಯೊಡನೆ ಅದನ್ನು ಬೆರೆಸಬಾರದು. ಆದರೆ ‘ನಾನು ಸಾತ್ತ್ವಿಕ’ ಎಂದು ಸುಖವಾಗಿ ಕುಳಿತವರು 14ನೆಯ ಅಧ್ಯಾಯದ 6ನೆಯ ಶ್ಲೋಕವನ್ನು ಇನ್ನೊಮ್ಮೆ ಓದಬೇಕು: ಸತ್ತ್ವವೂ ಕಟ್ಟುತ್ತದೆ, ಸುಖದ ಮತ್ತು ಜ್ಞಾನದ ಅಂಟಿನಿಂದ. ಅದೇ ಅಧ್ಯಾಯದ 22ನೆಯ ಶ್ಲೋಕದಲ್ಲಿ ಗುಣಾತೀತನ, ಅಂದರೆ ಗುಣಗಳನ್ನು ದಾಟಿದವನ, ಲಕ್ಷಣ ಬರುತ್ತದೆ. ಸತ್ತ್ವದ ಪ್ರಕಾಶ, ರಜಸ್ಸಿನ ಪ್ರವೃತ್ತಿ, ತಮಸ್ಸಿನ ಮೋಹ ಎಂಬ ಮೂರೂ ಅವನಲ್ಲಿ ಬರುತ್ತವೆ, ಹೋಗುತ್ತವೆ. ಬಂದಾಗ ಅವನು ದ್ವೇಷಿಸುವುದಿಲ್ಲ, ಹೋದಾಗ ಹಂಬಲಿಸುವುದಿಲ್ಲ. ಆ ಪಟ್ಟಿಯಲ್ಲಿ ಮೋಹವೂ ಇದೆಯೆಂಬುದನ್ನು ನಾನು ಪ್ರತಿ ವರ್ಷ ಬೆರಳಿಟ್ಟು ತೋರಿಸುತ್ತೇನೆ.