ಬೆಂಜ್ ಅನ್ನಬೇಕಾ, ಮರ್ಸಿಡಿಸ್ ಅನ್ನಬೇಕಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪ ಯಾವಾಗಲೂ "ಬೆಂಜ್ ಕಾರು" ಅಂತಾರೆ. ನನ್ನ ಮಗಳು "ಹಾಗಲ್ಲ ತಾತ, ಮರ್ಸಿಡಿಸ್ ಅನ್ನಬೇಕು" ಅಂತ ತಿದ್ದುತ್ತಾಳೆ. ಯಾವುದು ಸರಿ? ಎರಡೂ ಒಂದೇ ಕಂಪನಿನಾ? ಆ ಹೆಸರಿಗೆ ಅಷ್ಟೊಂದು ಬೆಲೆ ಯಾಕೆ?

ಉತ್ತರ: ಇಬ್ಬರೂ ಸರಿ. ಈಗ ಅದು ಒಂದೇ ಕಂಪನಿ, ಪೂರ್ತಿ ಹೆಸರು ಮರ್ಸಿಡಿಸ್-ಬೆಂಜ್. ಆದರೆ 1926ರವರೆಗೆ ಇವು ಎರಡು ಬೇರೆ ಕಂಪನಿಗಳು. ಸುಮ್ನೆ ಬೇರೆ ಅಲ್ಲ, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದ ಎದುರಾಳಿಗಳು. ಎರಡರಲ್ಲಿ ಹಳೆಯ ಹೆಸರು ಬೆಂಜ್. ಹಾಗಾಗಿ ತಾತನನ್ನು ತಿದ್ದುವ ಅಗತ್ಯವಿಲ್ಲ ಅಂತ ಮಗಳಿಗೆ ಹೇಳಿ. ಚೀನಾ, ಜಪಾನ್‌ಗಳಲ್ಲೂ ಜನ ಈ ಕಾರನ್ನು ಕರೆಯುವುದು ಬೆಂಜ್ ಎಂಬ ಹೆಸರಿನಿಂದಲೇ. ಕಂಪನಿಯ ತವರಾದ ಸ್ಟಟ್‌ಗಾರ್ಟ್‌ನಲ್ಲಿ ಇನ್ನೂ ಬೇರೆ. ಅಲ್ಲಿ ಕಾರ್ಖಾನೆಗೆ ಹೋಗುವವರು "ಡೈಮ್ಲರ್‌ನಲ್ಲಿ ಕೆಲಸ" ಅಂತಾರೆ. ಈ ಮೂರು ಹೆಸರುಗಳ ಹಿಂದೆ ಮೂರು ಮನೆತನಗಳಿವೆ.

ಮೊದಲು ಬೆಂಜ್. ಕಾರ್ಲ್ ಬೆಂಜ್ ಹುಟ್ಟಿದ್ದು 1844ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆ ಹತ್ತಿರ. 1871ರಲ್ಲಿ ಮ್ಯಾನ್‌ಹೈಮ್ ಊರಿನಲ್ಲಿ ಪಾಲುದಾರನೊಬ್ಬನ ಜೊತೆ ಸಣ್ಣ ವರ್ಕ್‌ಶಾಪ್ ಶುರುಮಾಡಿದರು. ಆ ಪಾಲುದಾರ ನಂಬಿಕೆಗೆ ತಕ್ಕವನಾಗಿರಲಿಲ್ಲ, ವರ್ಕ್‌ಶಾಪ್ ಕೈಬಿಟ್ಟುಹೋಗುವ ಹಾಗಾಯಿತು. ಆಗ ಅದನ್ನು ಉಳಿಸಿದವರು ಬೆರ್ಥಾ ರಿಂಗರ್, ಕಾರ್ಲ್ ಮದುವೆಯಾಗಬೇಕಿದ್ದ ಹುಡುಗಿ. ಮದುವೆಗೆಂದು ತವರಿನವರು ಕೊಡಬೇಕಿದ್ದ ಹಣವನ್ನು ಮುಂಚೆಯೇ ಕೇಳಿ ಪಡೆದು, ಆ ಪಾಲುದಾರನ ಲೆಕ್ಕ ಚುಕ್ತಾ ಮಾಡಿಸಿದರು. 1872ರಲ್ಲಿ ಮದುವೆಯಾಯಿತು. 1883ರಲ್ಲಿ ಬೆಂಜ್ ಕಂಪನಿ ಹುಟ್ಟಿತು. 1886ರ ಜನವರಿ 29ರಂದು ಕಾರ್ಲ್ ಬೆಂಜ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಕಾರಿನ ಹುಟ್ಟುಹಬ್ಬ ಅಂತ ಜಗತ್ತು ಲೆಕ್ಕ ಇಡುವುದು ಆ ದಿನವನ್ನೇ. ಒಂದೇ ಸಿಲಿಂಡರ್, ಒಂದು ಹಾರ್ಸ್‌ಪವರ್‌ಗೂ ಕಡಿಮೆ ಶಕ್ತಿ, ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗ.

ಗಾಡಿ ತಯಾರಾಯಿತು, ಕೊಳ್ಳುವವರು ಬರಲಿಲ್ಲ. ಕುದುರೆ ಇಲ್ಲದೆ ಸದ್ದು ಮಾಡಿಕೊಂಡು ಓಡುವ ಯಂತ್ರವನ್ನು ಯಾರು ನಂಬುತ್ತಾರೆ? ಅದು ಊರಿಂದೂರಿಗೆ ಹೋಗಬಲ್ಲದು ಅಂತ ಯಾರೂ ತೋರಿಸಿರಲಿಲ್ಲ.

ತೋರಿಸಿದವರು ಬೆರ್ಥಾ. 1888ರ ಆಗಸ್ಟ್‌ನ ಒಂದು ಬೆಳಗ್ಗೆ, ಗಂಡನಿಗೆ ಹೇಳದೆ, ಹದಿನೈದು ವರ್ಷದ ಯೂಜೆನ್ ಮತ್ತು ಹದಿಮೂರು ವರ್ಷದ ರಿಚರ್ಡ್ ಎಂಬ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ತವರೂರು ಪ್ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ದಾರಿ. ಟಾರು ರಸ್ತೆ ಇಲ್ಲ, ಪೆಟ್ರೋಲ್ ಬಂಕ್ ಅನ್ನುವ ಮಾತೇ ಇಲ್ಲ. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಗೆ ಹೋಗಿ ಲಿಗ್ರೋಯಿನ್ ಕೊಂಡರು. ಬಟ್ಟೆಯ ಕಲೆ ತೆಗೆಯಲು ಜನ ಬಳಸುತ್ತಿದ್ದ ಎಣ್ಣೆ ಅದು. ಆ ಅಂಗಡಿಯನ್ನು ಈಗ ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅಂತ ಕರೆಯುತ್ತಾರೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ವೈರಿನ ಹೊದಿಕೆ ಸವೆದಾಗ ಕಾಲುಚೀಲ ಬಿಗಿಯುವ ಪಟ್ಟಿಯನ್ನು ಸುತ್ತಿದರು. ಚೈನು ಕೈಕೊಟ್ಟಾಗ ಕಮ್ಮಾರನ ಹತ್ತಿರ ಸರಿಮಾಡಿಸಿದರು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದುಹೋದಾಗ ಚಪ್ಪಲಿ ಹೊಲಿಯುವವರನ್ನು ಹುಡುಕಿ ಅದರ ಮೇಲೆ ಚರ್ಮ ಹೊಡೆಸಿದರು. ಬ್ರೇಕ್ ಲೈನಿಂಗ್ ಅಂತ ಇವತ್ತು ನಾವು ಗ್ಯಾರೇಜಿನಲ್ಲಿ ಹಾಕಿಸುತ್ತೇವಲ್ಲ, ಅದರ ಶುರುವಾತು ಅದು. ಏರಿನಲ್ಲಿ ಗಾಡಿ ಹತ್ತುತ್ತಿರಲಿಲ್ಲ, ಇಳಿದು ತಳ್ಳಬೇಕಿತ್ತು. ಕತ್ತಲಾಗುವ ಹೊತ್ತಿಗೆ ತವರು ಸೇರಿ, ಬಂದು ಮುಟ್ಟಿದೆವು ಅಂತ ಗಂಡನಿಗೆ ತಂತಿ ಕಳಿಸಿದರು. ವಾಪಸು ಬಂದ ಮೇಲೆ ಏರಿಗೆ ಇನ್ನೊಂದು ಗೇರ್ ಬೇಕು ಅಂತಲೂ ಹೇಳಿದರು. ಹಾಗೆಯೇ ಸೇರಿಸಲಾಯಿತು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಕಾರು ಕಂಡುಹಿಡಿದವರು ಯಾರು ಅಂದರೆ ಶಾಲೆಯ ಮಕ್ಕಳು ಕಾರ್ಲ್ ಬೆಂಜ್ ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಆ ಕಾರನ್ನು ದೂರದೂರಿಗೆ ಓಡಿಸಿ, ತಪ್ಪು ಹುಡುಕಿ, ದಾರಿಯಲ್ಲೇ ರಿಪೇರಿ ಮಾಡಿದವರ ಹೆಸರು ಅವರಿಗೆ ಗೊತ್ತಿರುವುದಿಲ್ಲ. ನನಗೆ ಬೆಂಜ್ ಅಂದರೆ ಮೊದಲು ನೆನಪಾಗುವುದು ಬೆರ್ಥಾ.

ಒಂದು ಚಿಕ್ಕ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ, ತುಂಬ ಜನ ಕೇಳುತ್ತಾರೆ. ಜರ್ಮನಿಯಲ್ಲಿ ಪೆಟ್ರೋಲಿಗೆ ಬೆನ್ಜೀನ್ ಅಂತಾರೆ. ಅದು ಬೆಂಜ್ ಅವರಿಂದ ಬಂದ ಹೆಸರಲ್ಲ. ಕಾರ್ಲ್ ಬೆಂಜ್ ಹುಟ್ಟುವ ಮುಂಚೆಯೇ, 1833ರಲ್ಲಿ, ಒಬ್ಬ ಜರ್ಮನ್ ರಸಾಯನ ವಿಜ್ಞಾನಿ ಇಟ್ಟ ಹೆಸರು. ಅದರ ಬೇರು ಬೆಂಜೋಯಿನ್ ಎಂಬ ಮರದ ಅಂಟಿನಲ್ಲಿದೆ. ನಾವು ಕೆಂಡದ ಮೇಲೆ ಹಾಕಿ ಹೊಗೆ ಹಿಡಿಯುವ ಸಾಂಬ್ರಾಣಿಯೇ ಅದು!

ಈಗ ಇನ್ನೊಂದು ಮನೆ. ಅದೇ ಕಾಲದಲ್ಲಿ, ಸುಮಾರು ನೂರು ಕಿಲೋಮೀಟರ್ ದೂರದ ಕಾನ್‌ಸ್ಟಾಟ್‌ನಲ್ಲಿ, ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಖ್ ಸೇರಿ ಹಗುರವಾದ ಪೆಟ್ರೋಲ್ ಇಂಜಿನ್ ಮಾಡಿದ್ದರು. 1885ರಲ್ಲಿ ಅದನ್ನು ಎರಡು ಚಕ್ರದ ಗಾಡಿಗೆ, 1886ರಲ್ಲಿ ನಾಲ್ಕು ಚಕ್ರದ ಗಾಡಿಗೆ ಕೂರಿಸಿದರು. ಬೆಂಜ್ ಮತ್ತು ಡೈಮ್ಲರ್ ಒಂದು ದಿನವೂ ಜೊತೆಗೆ ಕೆಲಸ ಮಾಡಲಿಲ್ಲ.

ಮರ್ಸಿಡಿಸ್ ಬಂದದ್ದು ಈ ಡೈಮ್ಲರ್ ಮನೆಗೆ. ಎಮಿಲ್ ಯೆಲಿನೆಕ್ ಎಂಬ ಆಸ್ಟ್ರಿಯಾದ ವ್ಯಾಪಾರಿ ಫ್ರಾನ್ಸಿನ ನೀಸ್ ನಗರದಲ್ಲಿದ್ದು, ಶ್ರೀಮಂತರಿಗೆ ಡೈಮ್ಲರ್ ಕಾರು ಮಾರುತ್ತಿದ್ದರು. ಅವರ ಮಗಳು ಮರ್ಸಿಡಿಸ್ ಹುಟ್ಟಿದ್ದು 1889ರಲ್ಲಿ. ಅದು ಸ್ಪೇನಿನ ಕಡೆಯ ಹೆಸರು, ಕರುಣೆ ಎಂಬ ಅರ್ಥ. ಯೆಲಿನೆಕ್‌ಗೆ ಆ ಹೆಸರು ಅದೃಷ್ಟ ತರುತ್ತದೆ ಎಂಬ ನಂಬಿಕೆ, ರೇಸಿಗೆ ಇಳಿಯುವಾಗಲೂ ಅದೇ ಹೆಸರನ್ನು ಕೊಡುತ್ತಿದ್ದರು. 1900ರ ಮಾರ್ಚ್‌ನಲ್ಲಿ ನೀಸ್ ಹತ್ತಿರದ ಬೆಟ್ಟದ ರೇಸಿನಲ್ಲಿ ವಿಲ್‌ಹೆಲ್ಮ್ ಬಾವರ್ ಎಂಬ ಡ್ರೈವರ್ ಓಡಿಸುತ್ತಿದ್ದ ಡೈಮ್ಲರ್ ಕಾರು ಅಪಘಾತಕ್ಕೀಡಾಗಿ ಅವರು ಪ್ರಾಣ ಕಳೆದುಕೊಂಡರು. ಆ ಕಾರು ಎತ್ತರ ಜಾಸ್ತಿ, ಅಗಲ ಕಡಿಮೆ. ತಿರುವಿನಲ್ಲಿ ನಿಲ್ಲುತ್ತಿರಲಿಲ್ಲ. ಯೆಲಿನೆಕ್ ಹಟ ಹಿಡಿದರು: ಕಾರು ತಗ್ಗಾಗಿರಬೇಕು, ಉದ್ದವಾಗಿರಬೇಕು, ಇಂಜಿನ್‌ಗೆ ಬಲ ಬೇಕು, ಮತ್ತು ಅದಕ್ಕೆ ನನ್ನ ಮಗಳ ಹೆಸರಿಡಬೇಕು. ಒಟ್ಟಿಗೇ 36 ಕಾರಿಗೆ ಆರ್ಡರ್ ಕೊಟ್ಟರು. ಮೇಬಾಖ್ ಹಾಗೆಯೇ ಮಾಡಿಕೊಟ್ಟರು. 1901ರ ಮಾರ್ಚ್‌ನಲ್ಲಿ ನೀಸ್‌ನ ರೇಸುಗಳಲ್ಲಿ ಆ 35 ಹಾರ್ಸ್‌ಪವರ್ ಕಾರು ಎಲ್ಲರನ್ನೂ ಹಿಂದೆ ಹಾಕಿತು. ಎಂಜಿನ್ ಕೂರಿಸಿದ ಕುದುರೆ ಗಾಡಿಯ ರೂಪ ಅಲ್ಲಿಗೆ ಹೋಯಿತು. ನಾವು ಇವತ್ತು ನೋಡುವ ಕಾರಿನ ಆಕಾರ ಶುರುವಾಯಿತು.

ಇದರಿಂದ ಪೆಟ್ಟು ತಿಂದವರಲ್ಲಿ ಬೆಂಜ್ ಕೂಡ ಒಬ್ಬರು. ಅವರ ಕಾರುಗಳು ಹಳೆಯದಾಗಿ ಕಂಡವು, ಮಾರಾಟ ಬಿತ್ತು. 1903ರಲ್ಲಿ ಕಾರ್ಲ್ ಬೆಂಜ್ ತಾವೇ ಕಟ್ಟಿದ ಕಂಪನಿಯ ಆಡಳಿತದಿಂದ ಹೊರಬಂದರು. ಈಗ ಒಂದೇ ಲೋಗೊದಲ್ಲಿ ಅಕ್ಕಪಕ್ಕ ಕೂತಿರುವ ಎರಡು ಹೆಸರುಗಳ ನಡುವೆ ಇಷ್ಟು ನಡೆದಿದೆ.

ಲೋಗೊದಲ್ಲಿರುವ ನಕ್ಷತ್ರವೂ ಡೈಮ್ಲರ್ ಮನೆಯದೇ. ಗಾಟ್ಲೀಬ್ ಡೈಮ್ಲರ್ ಹಿಂದೆ ಹೆಂಡತಿಗೆ ಕಳಿಸಿದ ಒಂದು ಕಾರ್ಡಿನಲ್ಲಿ ತಮ್ಮ ಮನೆಯ ಮೇಲೆ ನಕ್ಷತ್ರದ ಗುರುತು ಹಾಕಿದ್ದರಂತೆ. ಅದನ್ನು ನೆನಪಿಟ್ಟುಕೊಂಡ ಮಕ್ಕಳು ಹೇಳಿದ ಮೇಲೆ 1909ರಲ್ಲಿ ಮೂರು ಮೊನೆಯ ನಕ್ಷತ್ರ ನೋಂದಣಿಯಾಯಿತು. ನೆಲ, ನೀರು, ಗಾಳಿ ಮೂರರಲ್ಲೂ ನಮ್ಮ ಇಂಜಿನ್ ಓಡಬೇಕು ಅಂತ ಅದರ ಅರ್ಥ. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ದುಡ್ಡಿಗೆ ಬೆಲೆಯೇ ಇಲ್ಲದ ಹಾಗಾಯಿತು, ಕಾರು ಕೊಳ್ಳುವವರಿಲ್ಲ. ಉಳಿಯಬೇಕಾದರೆ ಸೇರಲೇಬೇಕಿತ್ತು. 1926ರ ಜೂನ್ 28ರಂದು ಡೈಮ್ಲರ್-ಬೆಂಜ್ ಕಂಪನಿ ಹುಟ್ಟಿತು, ಕಾರಿಗೆ ಮರ್ಸಿಡಿಸ್-ಬೆಂಜ್ ಎಂಬ ಹೆಸರು ಬಂತು. ಲೋಗೊದಲ್ಲಿ ನಕ್ಷತ್ರ ಡೈಮ್ಲರ್‌ದು, ಸುತ್ತಲಿನ ಎಲೆಯ ಹಾರ ಬೆಂಜ್‌ದು.

ಹೆಸರಿನ ಬೆಲೆಗೆ ಬರುವ ಮುಂಚೆ, ಅದರ ಮೇಲಿರುವ ದೊಡ್ಡ ಕಳಂಕವನ್ನು ಹೇಳಲೇಬೇಕು. ಹಿಟ್ಲರನ ಕಾಲದಲ್ಲಿ ಈ ಕಂಪನಿ ನಾತ್ಸಿ ನಾಯಕರಿಗೆ ಕಾರು, ಯುದ್ಧವಿಮಾನಗಳಿಗೆ ಇಂಜಿನ್ ಕೊಟ್ಟಿತು. 1944ರಲ್ಲಿ ಅಲ್ಲಿ ದುಡಿಯುತ್ತಿದ್ದವರು 63,610 ಜನ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಬಲವಂತವಾಗಿ ಎಳೆದು ತಂದವರು, ಯುದ್ಧಕೈದಿಗಳು, ನಾತ್ಸಿ ಶಿಬಿರಗಳ ಬಂಧಿಗಳು. ಇದು ಕಂಪನಿಯೇ ಒಪ್ಪಿಕೊಂಡಿರುವ ಲೆಕ್ಕ. ಎಮಿಲ್ ಯೆಲಿನೆಕ್ ಅವರ ತಂದೆ ವಿಯೆನ್ನಾದ ಹೆಸರಾಂತ ಯಹೂದಿ ಧರ್ಮಗುರು. ಅಂದರೆ ಯಹೂದಿಗಳನ್ನು ಕೊಲ್ಲಲು ಹೊರಟವರು ಮೆರವಣಿಗೆ ಹೋಗಿದ್ದು ಒಬ್ಬ ಯಹೂದಿ ಗುರುವಿನ ಮೊಮ್ಮಗಳ ಹೆಸರು ಹೊತ್ತ ಕಾರಿನಲ್ಲಿ. ಬೆರ್ಥಾ ಬೆಂಜ್ ತೀರಿಕೊಂಡದ್ದೂ ಆ 1944ರಲ್ಲೇ, 95 ತುಂಬಿದ ಎರಡು ದಿನಕ್ಕೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಇಷ್ಟು ಬೆಲೆ ಯಾಕೆ? ನಮ್ಮಲ್ಲಿ ಬೆಂಜ್ ಅಂದರೆ ಸಿರಿವಂತಿಕೆ. ಜರ್ಮನಿಯಲ್ಲಿ ಅದು ಟ್ಯಾಕ್ಸಿ ಕೂಡ. ನಮ್ಮ ಅಂಬಾಸಿಡರ್ ಒಂದು ಕಾಲದಲ್ಲಿ ಮಂತ್ರಿಗಳ ಕಾರೂ ಆಗಿತ್ತು, ಬಾಡಿಗೆ ಗಾಡಿಯೂ ಆಗಿತ್ತು ಅಲ್ವಾ, ಹಾಗೆ. 1936ರಲ್ಲೇ ಇವರು 260 ಡಿ ಎಂಬ ಡೀಸೆಲ್ ಕಾರು ತಂದರು, ಅದನ್ನು ಟ್ಯಾಕ್ಸಿಯವರು ಮೆಚ್ಚಿದರು. 1970ರ ದಶಕದ ನಡುವಿನಿಂದ 1986ರವರೆಗೆ ಬಂದ ಡಬ್ಲ್ಯು 123 ಮಾದರಿ ಸುಮಾರು 27 ಲಕ್ಷ ಮಾರಾಟವಾಯಿತು. ಆಫ್ರಿಕಾದ ಮಣ್ಣು ರಸ್ತೆಗಳಲ್ಲಿ ಈಗಲೂ ಅದು ಓಡುತ್ತದೆ. ಗ್ರೀಸ್‌ನ ಟ್ಯಾಕ್ಸಿ ಡ್ರೈವರ್ ಒಬ್ಬರು 1976ರ 240 ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ ಕಂಪನಿಯ ಮ್ಯೂಸಿಯಂಗೆ ಕೊಟ್ಟರು. ಇಂಜಿನ್ ಹಲವು ಸಲ ಬದಲಾಗಿತ್ತು, ಬಾಡಿ ಗಟ್ಟಿಯಾಗಿಯೇ ಇತ್ತು. ಹೆಸರು ಕಟ್ಟಿದ್ದು ಇಂಥ ಗಾಡಿಗಳು.

ಅದಕ್ಕಿಂತ ದೊಡ್ಡದು ಜೀವ ಉಳಿಸುವ ಕೆಲಸ. ಕಾರು ಕಬ್ಬಿಣದ ಹಾಗೆ ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ ಮೊದಲು ಎಲ್ಲರೂ ನಂಬಿದ್ದರು. ಕಂಪನಿಯ ಎಂಜಿನಿಯರ್ ಬೇಲಾ ಬಾರೆನ್ಯಿ ಬೇರೆ ಮಾತು ಹೇಳಿದರು. ಬಂಡೆಯ ಮೇಲೆ ಬಿದ್ದರೆ ಮೂಳೆ ಮುರಿಯುತ್ತದೆ, ಹುಲ್ಲಿನ ಬಣವೆ ಮೇಲೆ ಬಿದ್ದರೆ ಮುರಿಯುವುದಿಲ್ಲ, ಯಾಕೆಂದರೆ ಹುಲ್ಲು ಕುಸಿದು ಏಟನ್ನು ತಾನು ತಗೊಳ್ಳುತ್ತದೆ. ಕಾರಿನ ಮುಂದಿನ ಹಿಂದಿನ ಭಾಗ ಹಾಗೆ ಮುದುಡಬೇಕು, ಜನ ಕೂರುವ ನಡುವಿನ ಗೂಡು ಮಾತ್ರ ಗಟ್ಟಿ ಇರಬೇಕು. 1951ರಲ್ಲಿ ಇದಕ್ಕೆ ಪೇಟೆಂಟ್ ಕೇಳಿದರು, 1959ರಲ್ಲಿ ಕಾರಿಗೆ ಬಂತು. ಇವತ್ತು ನಮ್ಮ ಸಣ್ಣ ಕಾರುಗಳೂ ಅದೇ ಲೆಕ್ಕದಲ್ಲಿ ತಯಾರಾಗುತ್ತವೆ. ಬಾಷ್ ಎಂಬ ಜರ್ಮನ್ ಕಂಪನಿ ಜೊತೆ ಸೇರಿ 1978ರಲ್ಲಿ ತಂದ ಎಬಿಎಸ್ ಬ್ರೇಕು, ಅಂದರೆ ಜೋರಾಗಿ ಒತ್ತಿದರೂ ಚಕ್ರ ಬಿಗಿದುಕೊಳ್ಳದಂತೆ ನೋಡಿಕೊಳ್ಳುವ ಬ್ರೇಕು ಕೂಡ ಮೊದಲು ದುಬಾರಿ ಕಾರಿಗೆ ಬಂದು ಆಮೇಲೆ ಎಲ್ಲರದ್ದಾಯಿತು.

ಹೆಸರು ಕೆಟ್ಟದ್ದೂ ಉಂಟು. 1997ರಲ್ಲಿ ಹೊಸ ಎ-ಕ್ಲಾಸ್ ಕಾರನ್ನು ಸ್ವೀಡನ್ನಿನ ಪತ್ರಕರ್ತರು ಪರೀಕ್ಷೆ ಮಾಡಿದರು. ರಸ್ತೆಗೆ ಪ್ರಾಣಿ ಅಡ್ಡ ಬಂದ ಹಾಗೆ ಥಟ್ಟನೆ ತಿರುಗಿಸಿದಾಗ ಕಾರು ಮಗುಚಿತು. ಕಂಪನಿ ಮಾರಾಟ ನಿಲ್ಲಿಸಿ, ಕಾರು ಹಿಡಿತ ತಪ್ಪಿ ಜಾರದಂತೆ ತಡೆಯುವ ಇಎಸ್‌ಪಿ ಎಂಬ ವ್ಯವಸ್ಥೆಯನ್ನು ಎಲ್ಲ ಎ-ಕ್ಲಾಸ್‌ಗೂ ಹಾಕಿತು. ಅದೇ ಕಾಲದ ಇ-ಕ್ಲಾಸ್‌ಗಳಿಗೆ ತುಕ್ಕು ಹಿಡಿಯಿತು. 1998ರಲ್ಲಿ ಅಮೆರಿಕದ ಕ್ರೈಸ್ಲರ್ ಕಾರು ಕಂಪನಿ ಜೊತೆ ಮಾಡಿಕೊಂಡ ಮದುವೆ 2007ರಲ್ಲಿ ಮುರಿಯಿತು. ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ ಆರೋಪದ ಪ್ರಕರಣದಲ್ಲಿ 2020ರಲ್ಲಿ ಅಮೆರಿಕದ ಅಧಿಕಾರಿಗಳಿಗೆ ಸುಮಾರು 150 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ಹಾಗಾಗಿ ನಕ್ಷತ್ರ ಇದೆ ಅಂತ ಕಣ್ಣು ಮುಚ್ಚಿ ಹಳೆ ಕಾರು ಕೊಳ್ಳಬೇಡಿ. ಯಾವ ಮಾದರಿ, ಯಾವ ವರ್ಷ ಅಂತ ನೋಡಿ.

ನಮ್ಮ ಕಡೆ ಬೆಂಜ್ ಅನ್ನುವ ಹೆಸರು ಹಳ್ಳಿಹಳ್ಳಿಗೆ ಗೊತ್ತಾಗಿದ್ದು ಹೇಗೆ ಅಂತ ಯೋಚಿಸಿದ್ದೀರಾ? ಈ ಕಾರುಗಳು ಭಾರತದಲ್ಲಿ ತಯಾರಾಗಲು ಶುರುವಾಗಿದ್ದು 1995ರಲ್ಲಿ, ಪುಣೆಯಲ್ಲಿ. ಬೆಂಗಳೂರಿನಲ್ಲಿ ಕಂಪನಿಯ ಸಂಶೋಧನಾ ಕೇಂದ್ರ ಬಂದದ್ದು 1996ರಲ್ಲಿ. ಹೆಸರು ಬಂದದ್ದು ಅದಕ್ಕೂ ನಲವತ್ತು ವರ್ಷ ಮುಂಚೆ, ಲಾರಿಯ ಮೇಲೆ. 1954ರಲ್ಲಿ ಟಾಟಾದವರು ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದರು. ಅದರ ಮುಖದ ಮೇಲೆ ದೊಡ್ಡ ಮೂರು ಮೊನೆಯ ನಕ್ಷತ್ರ. ಭತ್ತದ ಮೂಟೆ, ಕಬ್ಬು, ಮರದ ದಿಮ್ಮಿ ಹೊತ್ತ ಆ ಲಾರಿಗಳನ್ನು ಹಿರಿಯರು ನೋಡಿದ್ದಾರೆ. ಹದಿನೈದು ವರ್ಷದ ಒಪ್ಪಂದ 1969ರಲ್ಲಿ ಮುಗಿಯಿತು, ನಕ್ಷತ್ರ ಹೋಗಿ ಟಾಟಾದ ಟಿ ಬಂತು. ನಮ್ಮೂರಿನ ಹಳೆಯ ಡ್ರೈವರುಗಳ ಬಾಯಲ್ಲಿ ಮಾತ್ರ ಅದು ಎಷ್ಟೋ ವರ್ಷ "ಬೆಂಜ್ ಗಾಡಿ"ಯಾಗಿಯೇ ಉಳಿದಿತ್ತು. ನಿಮ್ಮ ಅಪ್ಪನಿಗೆ ಆ ನಕ್ಷತ್ರದ ಲಾರಿ ನೆನಪಿದೆಯಾ, ಒಮ್ಮೆ ಕೇಳಿ ನೋಡಿ.