ಇಂಟರ್‌ಕನೆಕ್ಟೆಡ್: ಒಂದು ಕೂಗಿದರೆ ಎಲ್ಲವೂ ಕೂಗುವ ಸ್ಮೋಕ್ ಅಲಾರ್ಮ್

ಕಳೆದ ಮಳೆಗಾಲದ ಒಂದು ರಾತ್ರಿ, ಸುಮಾರು ಒಂದೂವರೆಗೆ, ಮುಂಬಯಿಯ ಮುಲುಂಡಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಟಿವಿ ಹಿಂದಿನ ಎಕ್ಸ್‌ಟೆನ್ಷನ್ ಬೋರ್ಡ್ ಕರಗತೊಡಗಿತು. ಬೆಂಕಿ ಏಳಲಿಲ್ಲ, ಬರೀ ಹೊಗೆ. ಹಾಲಿನ ಸೀಲಿಂಗಿಗೆ ನಾವೇ ಸಿಕ್ಕಿಸಿದ್ದ ಬ್ಯಾಟರಿಯ ಸ್ಮೋಕ್ ಅಲಾರ್ಮ್ ಸರಿಯಾಗಿಯೇ ಕೂಗಿಕೊಂಡಿತು. ಆದರೆ ಎರಡೂ ಬೆಡ್‌ರೂಮಿನ ಬಾಗಿಲು ಹಾಕಿತ್ತು, ಏಸಿ ಓಡುತ್ತಿತ್ತು, ಹೊರಗೆ ಪತ್ರಾ ಶೀಟಿನ ಮೇಲೆ ಧೋ ಎಂದು ಮಳೆ. ಯಾರಿಗೂ ಕೇಳಿಸಲಿಲ್ಲ. ನೀರು ಕುಡಿಯಲೆಂದು ಎದ್ದ ಅತ್ತೆ ಬಾಗಿಲು ತೆಗೆದು, "ಏಳ್ರೋ, ಹಾಲ್ ತುಂಬ ಹೊಗೆ, ಅದೇನೋ ಕಿರುಚ್ಕೊಳ್ತಾ ಇದೆ" ಎಂದು ಕೂಗಿದಾಗಲೇ ನಮಗೆ ಎಚ್ಚರ. ಅಷ್ಟು ಹೊತ್ತು ಅದು ಯಾರಿಗಾಗಿ ಕೂಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆಮೇಲೆ ಹುಡುಕಿಕೊಂಡು ಹೋದಾಗ ಸಿಕ್ಕ ಪದ ಇದು: ಇಂಟರ್‌ಕನೆಕ್ಟೆಡ್. ಬ್ರಿಟನ್ನಿನಲ್ಲಿ ಇದನ್ನೇ ಇಂಟರ್‌ಲಿಂಕ್ಡ್ ಅನ್ನುತ್ತಾರೆ. ಮನೆಯ ಯಾವ ಮೂಲೆಯ ಅಲಾರ್ಮಿಗೆ ಹೊಗೆ ತಾಗಿದರೂ ಮನೆಯ ಎಲ್ಲ ಅಲಾರ್ಮ್‌ಗಳೂ ಒಟ್ಟಿಗೆ ಕೂಗುವ ವ್ಯವಸ್ಥೆ. ಊರಿನಲ್ಲಿ ರಾತ್ರಿ ಕೆರೆಯ ಆಚೆ ಒಂದು ನಾಯಿ ಬೊಗಳಿದರೆ ಮನೆಯಿಂದ ಮನೆಗೆ ಅದು ದಾಟಿಕೊಂಡು ಬಂದು, ಕೊನೆಗೆ ನಮ್ಮ ಅಂಗಳದ ನಾಯಿಯೂ ಬೊಗಳುತ್ತದಲ್ಲ, ಹಾಗೆ. ಕಳ್ಳ ಬಂದದ್ದು ಅಲ್ಲಿ, ಎಚ್ಚರವಾಗುವುದು ಇಲ್ಲಿ. "ಪರಸ್ಪರ ಸಂಪರ್ಕಿತ" ಎಂದು ಕನ್ನಡಿಸಿದರೆ ಎಷ್ಟೋ ಜನ ಮೊಬೈಲಿಗೆ ಸಂಪರ್ಕವಿದೆ ಎಂದುಕೊಳ್ಳುತ್ತಾರೆ. ಮೊಬೈಲಿಗೆ ಸಂದೇಶ ಬರುವುದು ಬೇರೆ, ತಲೆಯ ಮೇಲಿನ ಸೀಲಿಂಗಿನಲ್ಲಿ ಕೂಗುವುದು ಬೇರೆ. ನಿದ್ದೆಯಲ್ಲಿರುವವರಿಗೆ ಬೇಕಾದ್ದು ಎರಡನೆಯದು. ಹೊಗೆಯ ವಾಸನೆಗೇ ಎಚ್ಚರವಾಗುತ್ತದೆ ಎಂದು ನಂಬಿಕೊಂಡು ಮಲಗಬೇಡಿ. ನಿದ್ದೆಯಲ್ಲಿ ಮೂಗು ನಮ್ಮನ್ನು ಎಬ್ಬಿಸುವಷ್ಟು ಚುರುಕಾಗಿರುವುದಿಲ್ಲ. ಮೇಲಾಗಿ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮಂಪರನ್ನು ಇನ್ನಷ್ಟು ಗಾಢ ಮಾಡುತ್ತದೆ.

ಡಿಟೆಕ್ಟರ್ ಮತ್ತು ಅಲಾರ್ಮ್ ಎಂಬ ಎರಡು ಮಾತುಗಳನ್ನೂ ಬಿಡಿಸಿಕೊಳ್ಳಬೇಕು. ಅಂಗಡಿಯಲ್ಲಿ ಎರಡೂ ಒಂದೇ ಎಂಬಂತೆ ಹೇಳುತ್ತಾರೆ. ಡಿಟೆಕ್ಟರಿಗೆ ಮೂಗು ಇದೆ, ಬಾಯಿ ಇಲ್ಲ. ಅದು ಹೊಗೆಯನ್ನು ಗುರುತಿಸಿ ಪ್ಯಾನೆಲ್ಲಿಗೆ ತಿಳಿಸುತ್ತದೆ, ಕೂಗುವುದು ಪ್ಯಾನೆಲ್ಲಿಗೆ ಸೇರಿದ ಹೂಟರ್. ಅಲಾರ್ಮಿಗೆ ಮೂಗು, ಬಾಯಿ ಎರಡೂ ಒಂದೇ ಡಬ್ಬಿಯಲ್ಲಿ. ಮುಂಬಯಿಯ ಎತ್ತರದ ಕಟ್ಟಡಗಳ ಲಾಬಿಯಲ್ಲಿ ಕಾಣುವುದು ಸಾಮಾನ್ಯವಾಗಿ ಮೊದಲನೆಯ ಜಾತಿ. ಮಹಾರಾಷ್ಟ್ರದ 2006ರ ಅಗ್ನಿಸುರಕ್ಷೆಯ ಕಾಯ್ದೆಯಂತೆ ಹೌಸಿಂಗ್ ಸೊಸೈಟಿಗಳು ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಲೈಸೆನ್ಸ್ ಇರುವ ಏಜೆನ್ಸಿಯಿಂದ ಪಡೆದು ಕೊಡುವ ಫಾರ್ಮ್ ಬಿ ಎಂಬ ಪ್ರಮಾಣಪತ್ರ ಕಟ್ಟಡದ ಈ ಬಗೆಯ ವ್ಯವಸ್ಥೆಗಳಿಗೆ ಸಂಬಂಧಿಸಿದ್ದು. ಅದು ಬೇಕೇ ಬೇಕು. ಆದರೆ ಲಾಬಿಯ ಮೂಗಿಗೆ ಹೊಗೆ ಮುಟ್ಟುವುದು ನಮ್ಮ ಹಾಲ್ ತುಂಬಿ, ಬಾಗಿಲಿನ ಸಂದಿಯಿಂದ ಆಚೆ ಹೋದ ಮೇಲೆ. ಫಾರ್ಮ್ ಬಿ ಕೊಟ್ಟಾಯಿತಲ್ಲ ಎಂದು ಮನೆಯೊಳಗಿನದನ್ನು ಮರೆಯುವಂತಿಲ್ಲ.

ಇನ್ನು ಹಾರ್ಡ್‌ವೈರ್ಡ್. ಮನೆಯ ವೈರಿಂಗಿನಿಂದಲೇ ಕರೆಂಟ್ ಪಡೆಯುವುದು ಎಂದು ಅರ್ಥ. ಸೆಲ್ ತೀರಿತೆಂದು ಗೋಡೆ ಗಡಿಯಾರಕ್ಕೆ ಕಿತ್ತು ಹಾಕಿ ಮರೆತುಬಿಡುವ ತಾಪತ್ರಯ ಇಲ್ಲ. ಹಾಗೆಂದು ಒಳಗೆ ಬ್ಯಾಟರಿ ಇರಲೇಬೇಕು, ಯಾಕೆಂದರೆ ವೈರಿಂಗಿನಲ್ಲೇ ಬೆಂಕಿ ಹುಟ್ಟಿದರೆ ಮೊದಲು ಬೀಳುವುದು ಎಂಸಿಬಿ, ಅಂದರೆ ಕರೆಂಟನ್ನು ತಾನಾಗಿ ಕಡಿಯುವ ಸ್ವಿಚ್.

ದೀಪಾವಳಿಯ ಮುಂಚೆ ಮನೆಗೆ ಬಣ್ಣ ಹೊಡೆಸುವಾಗ ಗೋಡೆ ಕೊರೆಸಿ ಈ ಕೆಲಸ ಮಾಡಿಸಿದೆವು. ಬಂದ ಎಲೆಕ್ಟ್ರಿಷಿಯನ್ ಕಲಬುರಗಿ ಕಡೆಯ ಹುಡುಗ, ಭಾಂಡುಪದಲ್ಲಿ ಮನೆ. ಏಣಿಯ ಮೇಲೆ ನಿಂತು ಡಬ್ಬಿಯ ತಳ ಬಿಚ್ಚಿ ಒಂದು ನಿಮಿಷ ನೋಡಿದ.

"ಅಕ್ಕಾರ, ಫೇಸ್ ಆತು, ನ್ಯೂಟ್ರಲ್ ಆತು. ಈ ಮೂರನೇದು ಅರ್ಥಿಂಗ್ ಹೌದಲ್ರೀ?"

"ಅಲ್ಲ ತಮ್ಮಾ. ಅದು ಈ ಡಬ್ಬಿಯಿಂದ ಆ ಡಬ್ಬಿಗೆ ಹೋಗೋದು. ಒಂದಕ್ಕೆ ಹೊಗೆ ತಾಗಿದ್ರೆ ಉಳಿದವಕ್ಕೆ ಹೇಳೋದು ಅದೇ."

ಅವನು ತಂತಿಯ ತುದಿ ತಿರುವುತ್ತ ತುಸು ಯೋಚಿಸಿ, "ಅಂದ್ರ ಇವೆರಡರಾಗ ಕರೆಂಟ್ ಬರ್ತದ, ಇದರಾಗ ಸುದ್ದಿ ಬರ್ತದ ಅನ್ರಿ" ಅಂದ.

ಇಂಟರ್‌ಕನೆಕ್ಟೆಡ್ ಅನ್ನುವುದಕ್ಕೆ ಇಷ್ಟು ಸಲೀಸಾದ ಅರ್ಥ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಸುದ್ದಿಯ ತಂತಿ. ಅವನ ಮೊದಲ ಊಹೆಯಂತೆ ಅದನ್ನು ಅರ್ಥಿಂಗಿಗೆ ಸೇರಿಸಿದ್ದರೆ ಅಲಾರ್ಮ್ ಕೆಟ್ಟುಹೋಗಬಹುದಿತ್ತು. ಅದಕ್ಕೇ ಡಬ್ಬಿಯ ಜೊತೆ ಬರುವ ಚೀಟಿಯನ್ನು ಕೆಲಸ ಶುರುವಾಗುವ ಮೊದಲೇ ಓದಿ ತೋರಿಸಿ. ಸುದ್ದಿಯ ತಂತಿಗೆ ಬೇರೆ ಬಣ್ಣದ ವೈರ್ ಎಳೆಸಿ, ಮುಂದೆ ರಿಪೇರಿಗೆ ಬರುವವನಿಗೂ ಗೊತ್ತಾಗುತ್ತದೆ. ಎಲ್ಲ ಅಲಾರ್ಮ್‌ಗಳೂ ಒಂದೇ ಕಂಪನಿಯವು, ಒಂದಕ್ಕೊಂದು ಹೊಂದುವ ಮಾದರಿಯವು ಆಗಿರಬೇಕು. ಬೇರೆ ಬೇರೆ ಕಂಪನಿಯವಕ್ಕೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ಕರೆಂಟನ್ನು ಏಸಿ ಪಾಯಿಂಟಿನಿಂದ ತೆಗೆಯುವ ಬದಲು ದಿನಾ ಉರಿಸುವ ಲೈಟಿನ ಲೈನಿನಿಂದ, ಸ್ವಿಚ್ಚಿಗಿಂತ ಹಿಂದೆಯೇ ತೆಗೆಸಿದೆವು. ಆ ಲೈನ್ ಹೋದರೆ ಲೈಟೂ ಹೋಗುತ್ತದೆ, ಆಗ ತಕ್ಷಣ ಗೊತ್ತಾಗುತ್ತದೆ.

ಅಮೆರಿಕದಿಂದ ಬರುವ ಮಗನಿಗೋ ಭಾವನಿಗೋ ಹೇಳಿ ತರಿಸುವವರು ಇದ್ದಾರೆ. ವೈರಿಂಗಿಗೆ ಸೇರುವ ಅಲ್ಲಿನ ಅಲಾರ್ಮ್ 120 ವೋಲ್ಟಿನದು, ನಮ್ಮ ಮನೆಗೆ ಬರುವುದು 230. ದಯವಿಟ್ಟು ಅದನ್ನು ಸೇರಿಸಬೇಡಿ.

ಗೋಡೆ ಕೊರೆಯಲು ಆಗದವರಿಗೆ, ಬಾಡಿಗೆ ಮನೆಯವರಿಗೆ, ತಂತಿಯ ಬದಲು ರೇಡಿಯೋ ಅಲೆಯಲ್ಲಿ ಒಂದಕ್ಕೊಂದು ಸುದ್ದಿ ಮುಟ್ಟಿಸುವ ಬ್ಯಾಟರಿ ಅಲಾರ್ಮ್‌ಗಳೂ ಇವೆ. ಇಂಟರ್‌ಕನೆಕ್ಟೆಡ್ ಆಗಲು ಹಾರ್ಡ್‌ವೈರ್ಡ್ ಆಗಿರಲೇಬೇಕೆಂದಿಲ್ಲ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇಂಟರ್‌ಕನೆಕ್ಟೆಡ್ ಅನ್ನೇ ಆರಿಸುತ್ತೇನೆ. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರವರಿಯಿಂದ ಎಲ್ಲ ಮನೆಗಳಿಗೂ ಇದು ಕಾನೂನೇ ಆಗಿದೆ, ತಂತಿಯಲ್ಲಾದರೂ ಸರಿ, ರೇಡಿಯೋದಲ್ಲಾದರೂ ಸರಿ.

ಎಲ್ಲಿ ಹಾಕಬೇಕು? ಅಮೆರಿಕದ ಎನ್‌ಎಫ್‌ಪಿಎ 72 ನಿಯಮದ ಪ್ರಕಾರ ಪ್ರತಿ ಬೆಡ್‌ರೂಮಿನ ಒಳಗೆ, ಬೆಡ್‌ರೂಮುಗಳ ಹೊರಗೆ, ಮನೆಯ ಪ್ರತಿ ಮಹಡಿಯಲ್ಲಿ. ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಮೂರು ಸಾಕಾಯಿತು, ಅಡುಗೆಮನೆಯದು ಬೇರೆ. ಫ್ಯಾನಿನ ರೆಕ್ಕೆಯ ತುದಿಯಿಂದಲೂ ಏಸಿ ಗಾಳಿ ಹೊರಡುವ ಜಾಗದಿಂದಲೂ ಮೂರಡಿ ದೂರ ಬಿಡಬೇಕು, ಇಲ್ಲದಿದ್ದರೆ ಗಾಳಿ ಹೊಗೆಯನ್ನು ಆಚೆ ತಳ್ಳಿಬಿಡುತ್ತದೆ. ಬಚ್ಚಲುಮನೆಯ ಬಾಗಿಲಿನ ಹತ್ತಿರವೂ ಬೇಡ, ಬಿಸಿನೀರಿನ ಹಬೆಗೆ ಕೂಗುತ್ತದೆ.

ಅಡುಗೆಮನೆ ನಮಗೆಲ್ಲ ದೊಡ್ಡ ಪ್ರಶ್ನೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಮನೆಯಲ್ಲಿ ಸ್ಮೋಕ್ ಅಲಾರ್ಮ್ ಒಲೆಯ ಮೇಲೆ ಇಟ್ಟರೆ ದಿನಕ್ಕೆರಡು ಸಲ ಕೂಗಿ, ವಾರದೊಳಗೆ ಯಾರಾದರೂ ಅದನ್ನು ಕಿತ್ತೇ ಕೀಳುತ್ತಾರೆ. ಅಲ್ಲಿಗೆ ಬೇಕಾದ್ದು ಹೀಟ್ ಅಲಾರ್ಮ್. ಅದು ಹೊಗೆಯನ್ನು ಲೆಕ್ಕಿಸುವುದಿಲ್ಲ, ಸೀಲಿಂಗಿನ ಹತ್ತಿರ ಬಿಸಿ ಸುಮಾರು 57 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕೂಗುತ್ತದೆ. ಅದನ್ನೂ ಅದೇ ಸುದ್ದಿಯ ತಂತಿಗೆ ಸೇರಿಸಬಹುದು. ಸ್ಮೋಕ್ ಅಲಾರ್ಮ್ ಒಲೆಯಿಂದ ಹತ್ತಡಿಯಾದರೂ ದೂರ ಇರಲಿ. ಕೊಳ್ಳುವಾಗ ಫೋಟೋಎಲೆಕ್ಟ್ರಿಕ್ ಕೇಳಿ. ಒಳಗಿನ ಕತ್ತಲೆಯ ಗೂಡಿನಲ್ಲಿ ಒಂದು ಬೆಳಕಿನ ಕಿರಣ ಇರುತ್ತದೆ, ಹೊಗೆ ನುಗ್ಗಿದರೆ ಬೆಳಕು ಚದುರಿ ಪಕ್ಕದ ಸೆನ್ಸರಿಗೆ ಬೀಳುತ್ತದೆ. ನಮ್ಮ ಬೋರ್ಡಿನ ಹಾಗೆ ಉರಿಯದೆ ಕಮರುವ ಬೆಂಕಿಯನ್ನು ಬೇಗ ಹಿಡಿಯುವುದು ಇದೇ. ಆ ಗೂಡಿಗೆ ಮಳೆಗಾಲದಲ್ಲಿ ಸಣ್ಣ ಹುಳ ಹೊಕ್ಕರೂ ಕೂಗೀತು. ಆಗಾಗ ಸುತ್ತಲಿನ ಧೂಳನ್ನು ವ್ಯಾಕ್ಯೂಮಿನಿಂದ ತೆಗೆಯುತ್ತೇವೆ. ಹತ್ತು ವರ್ಷವಾದ ಅಲಾರ್ಮನ್ನು ಕೂಗುತ್ತಿದ್ದರೂ ಬದಲಿಸಬೇಕು. ನಮ್ಮವುಗಳ ಬೆನ್ನ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆದಿಟ್ಟಿದ್ದೇನೆ.

ಪರೀಕ್ಷೆ ತಿಂಗಳಿಗೊಂದು ಸಲ. ಮೊದಲ ಭಾನುವಾರ ನಾನು ಕಸಬರಿಗೆಯ ಹಿಡಿಯಿಂದ ಹಾಲಿನ ಅಲಾರ್ಮಿನ ಗುಂಡಿ ಒತ್ತುತ್ತೇನೆ. ಮೂರು ಸಲ ಕೂಗಿ, ತುಸು ತಡೆದು, ಮತ್ತೆ ಮೂರು ಸಲ ಕೂಗುತ್ತದೆ. ಅತ್ತೆ ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಏಸಿ ಹಚ್ಚಿ, ಮಂಚದ ಮೇಲೆ ಕೂತಿರುತ್ತಾರೆ. "ಕೇಳಿಸ್ತಾ ಅತ್ತೆ?" ಎಂದು ಬಾಗಿಲು ತೆಗೆದರೆ, ಎರಡೂ ಕಿವಿ ಮುಚ್ಚಿಕೊಂಡು "ಸಾಕು ಮಾರಾಯ್ತಿ, ನಿಲ್ಲಿಸು" ಅನ್ನುತ್ತಾರೆ.