ಶೀಟರ್ ಆಮೇಲೆ, ಮೊದಲು ಫ್ರಿಜ್

ಮಾರ್ಚ್ ಬಂತೆಂದರೆ ನನಗೆ ಫೋನ್ ಶುರು, ಶೀಟರ್ ಬೇಕೆಂದು. ಶೀಟರ್ ಅಂದರೆ ಹಿಟ್ಟನ್ನು ರೋಲರ್‌ಗಳ ನಡುವೆ ಹಾಯಿಸಿ ಲಟ್ಟಿಸುವ ಮೆಷಿನ್. "ಸರ್, ಕಡಿಮೆ ಬೆಲೆಯ ಶೀಟರ್ ಹೇಳಿ. ಕೈಯಲ್ಲಿ ಲಟ್ಟಿಸಿದರೆ ಕ್ರೊಸಾಂಟ್ ಪದರ ಬಿಡ್ತಿಲ್ಲ." ಮಧ್ಯಾಹ್ನ ಅಡುಗೆಮನೆಯಲ್ಲಿ ಎಷ್ಟು ಸೆಕೆ ಎಂದು ಕೇಳಿದರೆ, ಅದಕ್ಕೂ ಇದಕ್ಕೂ ಏನು ಸಂಬಂಧ ಎನ್ನುತ್ತಾರೆ.

ಸಂಬಂಧ ಇರುವುದೇ ಅಲ್ಲಿ. ಕ್ರೊಸಾಂಟ್ ಅಂದರೆ ಹಿಟ್ಟಿನೊಳಗೆ ಬೆಣ್ಣೆ ಹಾಳೆ ಇಟ್ಟು, ಮಡಚಿ ಮಡಚಿ ಲಟ್ಟಿಸಿ ಬೇಯಿಸುವ ಪದರದ ತಿನಿಸು. ಶೀಟರ್ ಹಿಟ್ಟನ್ನು ತೆಳುವಾಗಿಸುತ್ತದೆ, ತಂಪು ಮಾಡುವುದಿಲ್ಲ. ಬೆಣ್ಣೆ ಪೂರ್ತಿ ಕರಗುವುದು 32ರಿಂದ 35 ಡಿಗ್ರಿಯಲ್ಲಿ. ಆದರೆ 20 ದಾಟುತ್ತಲೇ ಮೆತ್ತಗಾಗಿ ಹಿಟ್ಟಿನೊಳಗೆ ಸೇರಿಬಿಡುತ್ತದೆ. ಮೂರು ಮಡಿಕೆಯಂತೆ ಮೂರು ಸಲ ಮಡಚಿದರೆ 27 ಪದರ ಬೆಣ್ಣೆ. 4 ಮಿಲಿಮೀಟರ್ ಹಾಳೆಯಲ್ಲಿ ಒಂದೊಂದು ಪದರವೂ ಕೂದಲೆಳೆಯಷ್ಟು ತೆಳು. ಬೇಸಿಗೆಯ ಮೈಸೂರಲ್ಲಿ ಅದು ಉಳಿಯುವುದು ಹೇಗೆ? ಹಾಗಂತ ಬೆಣ್ಣೆ ಕಲ್ಲಾಗಿದ್ದರೂ ಕಷ್ಟ, ರೋಲರ್ ಕೆಳಗೆ ಒಳಗೊಳಗೇ ಚೂರಾಗುತ್ತದೆ. ಬೆಣ್ಣೆ ಹಾಳೆಯನ್ನು ಬಗ್ಗಿಸಿ ನೋಡಿ. ಬಿರುಕು ಬಿಡದೆ ಬಾಗಬೇಕು, ಬೆರಳಿಗೆ ಮೆತ್ತಬಾರದು. ಹಿಟ್ಟೂ ಅಷ್ಟೇ ಗಟ್ಟಿ ಇರಬೇಕು. ಮಡಿಕೆಗೊಮ್ಮೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

"ಬೇಕರಿಯವರು ಪಫ್ಸ್‌ಗೆ ಕಲ್ಲಿನ ಮೇಲೇ ಲಟ್ಟಿಸ್ತಾರಲ್ವಾ?" ಹೌದು. ಅವರಲ್ಲಿ ಹೆಚ್ಚಿನವರು ಹಾಕುವುದು ಮಾರ್ಗರಿನ್, ಎಣ್ಣೆಯಿಂದ ಮಾಡಿದ ಬೆಣ್ಣೆಯಂಥ ಕೊಬ್ಬು. ಅದು ಬೆಣ್ಣೆಗಿಂತ ಜಾಸ್ತಿ ಸೆಕೆ ತಡೆಯುತ್ತದೆ.

ಮಂಡ್ಯದ ಒಬ್ಬ ಹುಡುಗ, ಒಳ್ಳೆ ಕೈ ಅವನದು, ಕಾಸು ಉಳಿಸಲು ಚಪಾತಿ ಒತ್ತುವ ಮೆಷಿನ್ ತಂದಿದ್ದ. ಅದರ ತಟ್ಟೆ ಬಿಸಿಯಾಗುತ್ತದೆ! ಬೆಣ್ಣೆ ನಾಲ್ಕೂ ಕಡೆಯಿಂದ ಹರಿಯಿತು. ಅವನ ಅಮ್ಮ ಉಳಿದದ್ದನ್ನು ಕಾವಲಿಗೆ ಹಾಕಿ ಪರೋಟ ಮಾಡಿಕೊಟ್ಟರು. ನಾನೂ ತಿಂದೆ, ಚೆನ್ನಾಗಿತ್ತು.

ಇಷ್ಟಾದ ಮೇಲೂ ಶೀಟರ್ ಬೇಕೇ ಬೇಕು ಅಂದರೆ, ಕೈಯಲ್ಲಿ ತಿರುಗಿಸುವ ಮೇಜಿನ ಮಾದರಿ ಸಣ್ಣ ಕೆಲಸಕ್ಕೆ ಸಾಮಾನ್ಯವಾಗಿ ಸಾಕು. ನಿಮ್ಮ ಆರ್ಡರ್ ಎಷ್ಟೆಂದು ನೋಡದೆ ಇದೇ ಮಾಡೆಲ್ ತಗೊಳ್ಳಿ ಎನ್ನಲಾರೆ. ಪಾಸ್ತಾ ಮೆಷಿನ್ ಬೇಡ, ಅಗಲ ಸುಮಾರು 15 ಸೆಂಟಿಮೀಟರ್ ಅಷ್ಟೇ. ರೋಲರ್ ನಡುವಿನ ಸಂದು ಸ್ವಲ್ಪಸ್ವಲ್ಪವೇ ಕಿರಿದಾಗುವಂತಿರಬೇಕು. 20 ಮಿಲಿಮೀಟರಿನಿಂದ ಒಂದೇ ಸಲ 8ಕ್ಕೆ ಇಳಿಸಿದರೆ ಹಿಟ್ಟು ಹರಿದು ಚಿಂದಿಯಾಗುತ್ತದೆ.

ಹಳೆಯ ಮೆಷಿನ್ ಆದರೆ ಎರಡು ಉಂಡೆ ಹಿಟ್ಟು ಜೊತೆಗೆ ಒಯ್ಯಿರಿ. ರೋಲರಿನ ಎಡತುದಿಯಲ್ಲಿ ಒಂದು, ಬಲತುದಿಯಲ್ಲಿ ಒಂದು ಹಾಯಿಸಿ, ದಪ್ಪ ಅಳೆಯಿರಿ. ಎರಡೂ ಒಂದೇ ಇರಬೇಕು. ಮಾರುವವರು "ಹಿಟ್ಟು ಹಾಕ್ಬೇಡಿ, ಗಲೀಜಾಗುತ್ತೆ" ಅಂದರೆ ಸುಮ್ನೆ ಎದ್ದು ಬನ್ನಿ.